ಸುಮ್ಮನೆ ಕೂರುವ ಕಾರ್ಖಾನೆ

ಅಮೆರಿಕದ ದಕ್ಷಿಣ ಸೀಮೆಯ ಟೆನೆಸಿ ರಾಜ್ಯದಲ್ಲಿ ಮೂರ್ ಕೌಂಟಿ ಅಂತ ಒಂದಿದೆ. ಕೌಂಟಿ ಅಂದರೆ ಜಿಲ್ಲೆ ಎಂದುಕೊಂಡು ತುಮಕೂರು, ಹಾಸನಗಳನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. ಇದರ ವಿಸ್ತೀರ್ಣ ಸುಮಾರು 130 ಚದರ ಮೈಲಿ. 2020ರ ಗಣತಿಯ ಪ್ರಕಾರ ಜನ 6,461. ನಮ್ಮ ಒಂದು ದೊಡ್ಡ ಗ್ರಾಮ ಪಂಚಾಯಿತಿಯ ಮತದಾರರ ಪಟ್ಟಿಯೇ ಇದಕ್ಕಿಂತ ದಪ್ಪ ಇದ್ದೀತು. ಕೌಂಟಿಗೆಲ್ಲ ಪೇಟೆ ಅಂತ ಇರುವುದು ಒಂದೇ, ಲಿಂಚ್‌ಬರ್ಗ್. ಆ ಪೇಟೆಗೆ ಒಂದೇ ಒಂದು ಸಿಗ್ನಲ್ ದೀಪ ಎಂದು ಅಲ್ಲಿನವರು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಇಂಥ ಊರಿನ ಹೆಸರು ಬೆಂಗಳೂರಿನ ಬ್ರಿಗೇಡ್ ರಸ್ತೆಯ ಬಾರುಗಳಲ್ಲೂ ಕಪಾಟಿನ ಮೇಲಿನ ಸಾಲಿನಲ್ಲಿ ಕೂತಿದೆ. ಜಾಕ್ ಡೇನಿಯಲ್ಸ್ ವಿಸ್ಕಿಯ ಕಪ್ಪು ಲೇಬಲ್ಲನ್ನು ಕನ್ನಡಕ ಹಾಕಿಕೊಂಡು ಓದಿದವರಿಗೆ ಲಿಂಚ್‌ಬರ್ಗ್ ಗೊತ್ತು. ಹಳೆಯ ಬಾಟಲಿಗಳಲ್ಲಾದರೆ ಊರಿನ ಹೆಸರಿನ ಜೊತೆಗೆ ಜನಸಂಖ್ಯೆಯೂ ಅಚ್ಚಾಗಿರುತ್ತಿತ್ತು: 361. ದಶಕಗಟ್ಟಲೆ ಅದೇ 361. 1988ರಲ್ಲಿ ಪೇಟೆಯನ್ನೂ ಕೌಂಟಿಯನ್ನೂ ಸೇರಿಸಿ ಒಂದೇ ಆಡಳಿತ ಮಾಡಿದರು, ಲೆಕ್ಕ ಸಾವಿರಗಳಿಗೆ ಏರಿತು. ಲೇಬಲ್ಲಿನ ಮೇಲೆ ಮಾತ್ರ ಆಮೇಲೂ ಎಷ್ಟೋ ವರ್ಷ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ, ಯಾರೂ ಮದುವೆಯಾಗಿ ಬೇರೆ ಊರಿಗೆ ಹೋಗಲಿಲ್ಲ. ಕುಟುಂಬ ಯೋಜನೆ ಇಷ್ಟು ಚೆನ್ನಾಗಿ ನಡೆದದ್ದು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಇಂಥ ಕಡೆ ಮನುಷ್ಯ ಪುರುಸೊತ್ತಿನಲ್ಲಿ ಏನು ಮಾಡುತ್ತಾನೆ?

ಏನೂ ಮಾಡುವುದಿಲ್ಲ, ಅದೇ ಇಲ್ಲಿನ ವಿಶೇಷ ಎಂದು ಕಂಪನಿ ಜಗತ್ತಿಗೆಲ್ಲ ಸಾರಿದೆ. 1950ರ ದಶಕದ ನಡುವಿನಿಂದ ಶುರುವಾದ ಅದರ ಜಾಹೀರಾತುಗಳು ಕಪ್ಪು-ಬಿಳುಪು ಚಿತ್ರಗಳು. ಅಂಗಡಿಯ ಮುಂದೆ ಬೆಂಚು, ಬೆಂಚಿನ ಮೇಲೆ ಮೇಲಂಗಿ-ಪ್ಯಾಂಟು ಒಂದೇ ಆದ ಓವರಾಲ್ ತೊಟ್ಟ ಮುದುಕರು. ಒಬ್ಬ ಚೂರಿಯಲ್ಲಿ ಕಡ್ಡಿ ಕೆತ್ತುತ್ತಿದ್ದಾನೆ. ಇನ್ನಿಬ್ಬರು ಪೀಪಾಯಿಯ ಮೇಲೆ ಮಣೆ ಇಟ್ಟು ಚೆಕರ್ಸ್ ಆಡುತ್ತಿದ್ದಾರೆ. ಪಕ್ಕದಲ್ಲೊಂದು ನಾಯಿ, ಅದಕ್ಕೂ ಕೆಲಸವಿಲ್ಲ. ಕೆಳಗೆ ನಾಲ್ಕು ಸಾಲು: ಇಲ್ಲಿ ಯಾರಿಗೂ ಅವಸರವಿಲ್ಲ, ವಿಸ್ಕಿಗೂ ಇಲ್ಲ, ಎಂಬ ಅರ್ಥದ್ದು. ನ್ಯೂಯಾರ್ಕಿನ ಕಚೇರಿಯಲ್ಲಿ ಟೈ ಸಡಿಲಿಸಿಕೊಂಡು ಪತ್ರಿಕೆ ತಿರುವುವ ಮನುಷ್ಯ ಆ ಚಿತ್ರ ನೋಡಿ ನಿಟ್ಟುಸಿರು ಬಿಡಬೇಕು, ಸಂಜೆ ಹೋಗುವಾಗ ಒಂದು ಬಾಟಲಿ ಕೊಳ್ಳಬೇಕು.

ಚಿತ್ರದಲ್ಲಿದ್ದವರು ನಟರಲ್ಲ, ಅಪ್ಪಟ ಊರಿನವರೇ. ಅವರಲ್ಲಿ ಎಷ್ಟೋ ಜನ ಡಿಸ್ಟಿಲರಿಯ ನೌಕರರು. ಅಂದರೆ ಬೆಳಗ್ಗೆ ಮೇಪಲ್ ಮರದ ಕಟ್ಟಿಗೆ ಸುಟ್ಟು ಇದ್ದಲು ಮಾಡುವವನು, ಪೀಪಾಯಿ ಉರುಳಿಸುವವನು, ಕ್ಯಾಮರಾ ಬಂದಾಗ ಬೆಂಚಿನ ಮೇಲೆ ಕೂತು ಸೋಮಾರಿಯಾಗಬೇಕು. ಇದ್ದಲು ಮಾಡಿದ್ದೂ ಕೆಲಸ, ಕೂತದ್ದೂ ಕೆಲಸ. ಜಗತ್ತಿನ ಉಳಿದೆಡೆ ಕೆಲಸದ ವೇಳೆಯಲ್ಲಿ ಸುಮ್ಮನೆ ಕೂತರೆ ಮೇಲಧಿಕಾರಿ ಬೈಯುತ್ತಾನೆ. ಇಲ್ಲಿ ಕೂತದ್ದು ಸಾಲದು, ಇನ್ನೂ ಸ್ವಲ್ಪ ಚೆನ್ನಾಗಿ ಕೂರು ಎನ್ನುವ ವ್ಯವಸ್ಥೆ. ಸುಮ್ಮನೆ ಕೂರುವುದನ್ನು ತಯಾರಿಸಿ, ಚೌಕಟ್ಟು ಹಾಕಿ, ರಫ್ತು ಮಾಡಿದ ಊರು ಇದು. ರಫ್ತು ಮಾಡಿದ ಮೇಲೆ ಸ್ಥಳೀಯರ ಬಳಕೆಗೆ ಎಷ್ಟು ಉಳಿಯಿತು ಎನ್ನುವುದೇ ಪ್ರಶ್ನೆ. ನಮ್ಮಲ್ಲಿ ಒಳ್ಳೆಯ ಮಾವಿನ ಹಣ್ಣಿನದೂ ಇದೇ ಕತೆ.

ಹಾಗಾದರೆ ಊರ ತುಂಬ ವಿಸ್ಕಿ ಹರಿಯುತ್ತಿರಬೇಕಲ್ಲ, ಬೇಸರವಾದರೆ ಒಂದು ಗುಟುಕು ಹಾಕಬಹುದಲ್ಲ ಎನ್ನುತ್ತೀರಿ. ಮೂರ್ ಕೌಂಟಿ ಒಣ ಕೌಂಟಿ. ಜಗತ್ತಿಗೆಲ್ಲ ಕುಡಿಸುವ ಊರಿನಲ್ಲಿ ಪಾನನಿಷೇಧ. ಕೈಗೆ ಬಂದ ತುತ್ತು ಬಾಯಿಗಿಲ್ಲ ಎಂಬ ಗಾದೆಯನ್ನು ಯಾವ ಪುಣ್ಯಾತ್ಮ ಕಟ್ಟಿದನೋ, ಅವನು ಲಿಂಚ್‌ಬರ್ಗಿಗೆ ಒಮ್ಮೆ ಹೋಗಿ ಬಂದಿರಬೇಕು.

ಇದರ ಇತಿಹಾಸ ಕೊಂಚ ಸೊಟ್ಟಗಿದೆ. ಇಡೀ ದೇಶಕ್ಕೆ ಪಾನನಿಷೇಧ ಬಂದದ್ದು 1920ರಲ್ಲಿ. ಟೆನೆಸಿಗೆ ಅವಸರ ಜಾಸ್ತಿ, ಅದು 1910ರ ಹೊತ್ತಿಗೇ ಭಟ್ಟಿಗಳಿಗೆ ಬೀಗ ಜಡಿಯಿತು. ಜಾಕ್ ಡೇನಿಯಲ್ 1911ರಲ್ಲಿ ತೀರಿಕೊಂಡ. ವ್ಯಾಪಾರ ಸೋದರಳಿಯ ಲೆಮ್ ಮಾಟ್ಲೊ ಕೈಗೆ ಬಂದಿತ್ತು. ವಿಸ್ಕಿ ಮಾರಲಾಗದ ಕಾಲದಲ್ಲಿ ಈತ ಹೇಸರಗತ್ತೆ ಮಾರಿದ. ಆಮೇಲೆ ಕತ್ತೆಗಿಂತ ಮೊಂಡಾದ ಪ್ರಾಣಿಗಳಿರುವ ಕಡೆ, ಅಂದರೆ ರಾಜ್ಯದ ಶಾಸನಸಭೆಗೆ, ತಾನೇ ಆರಿಸಿ ಹೋದ. ವಿಸ್ಕಿ ತಯಾರಿಸಬಹುದು ಎಂಬ ಕಾನೂನು ಬಂತು, 1938ರಲ್ಲಿ ಭಟ್ಟಿ ಮತ್ತೆ ಹೊತ್ತಿಕೊಂಡಿತು. ತಯಾರಿಕೆಯ ಬಾಗಿಲು ತೆರೆಯಿತು, ಮಾರಾಟದ ಬಾಗಿಲು ಹಾಗೇ ಮುಚ್ಚಿಕೊಂಡಿತು. ಮರುವರ್ಷದ ಇನ್ನೊಂದು ಕಾನೂನಿನ ಪ್ರಕಾರ ಕೌಂಟಿಯ ಜನ ಮತ ಹಾಕಿ ಬೇಕು ಎನ್ನುವವರೆಗೆ ಕೌಂಟಿ ಒಣಗಿಯೇ ಇರಬೇಕು.

ಬೇಕು ಎನ್ನುವುದಕ್ಕೇನು ಕಷ್ಟ? ಕಷ್ಟ ಭಾನುವಾರದ್ದು. ದಕ್ಷಿಣದ ಹಳ್ಳಿಗಳಲ್ಲಿ, ಕುಡಿತ ಪಾಪ ಎನ್ನುವ ಬ್ಯಾಪ್ಟಿಸ್ಟ್ ಪಂಥದವರ ಬಗ್ಗೆ ಒಂದು ಹಳೆಯ ನಗೆಮಾತಿದೆ: ಯಹೂದಿಗಳು ಏಸುವನ್ನು ಗುರುತಿಸುವುದಿಲ್ಲ, ಪ್ರಾಟೆಸ್ಟೆಂಟರು ಪೋಪನನ್ನು ಗುರುತಿಸುವುದಿಲ್ಲ, ಬ್ಯಾಪ್ಟಿಸ್ಟರು ಹೆಂಡದಂಗಡಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸುವುದಿಲ್ಲ. ಬ್ರೂಸ್ ಯಾಂಡಲ್ ಎಂಬ ಅರ್ಥಶಾಸ್ತ್ರಜ್ಞ 1983ರಲ್ಲಿ ಇದಕ್ಕೊಂದು ಸಿದ್ಧಾಂತವನ್ನೇ ಕಟ್ಟಿದ. ಭಾನುವಾರ ಹೆಂಡದಂಗಡಿ ಮುಚ್ಚಬೇಕು ಎಂಬುದಕ್ಕೆ ಎರಡು ಪಕ್ಷಗಳ ಬೆಂಬಲ: ಒಂದು ಪಾದ್ರಿಯದು, ಇನ್ನೊಂದು ಕಳ್ಳಭಟ್ಟಿಯವನದು. ಒಬ್ಬನಿಗೆ ಪುಣ್ಯ, ಇನ್ನೊಬ್ಬನಿಗೆ ಗಿರಾಕಿ. ಇಬ್ಬರೂ ಒಟ್ಟಿಗೆ ಸಭೆ ಸೇರಬೇಕಾಗಿಲ್ಲ, ಮತ ಒಂದೇ ಕಡೆ ಬೀಳುತ್ತದೆ. ಕೌಂಟಿಯ ಗಡಿ ದಾಟಿದ ಕೂಡಲೆ ಹೆಂಡದಂಗಡಿಯ ಬೋರ್ಡು ಕಾಣಿಸುವುದು ದಕ್ಷಿಣದಲ್ಲಿ ಎಲ್ಲ ಕಡೆಯ ಭೂಗೋಳ. ಹಾಗಾಗಿ ಒಣ ಕೌಂಟಿಯ ಪ್ರಮುಖ ಮನರಂಜನೆ ಕಾರಿನ ಸವಾರಿ. ಹೋಗುವಾಗ ಒಂದಷ್ಟು ಮೈಲಿ, ಬರುವಾಗ ಅಷ್ಟೇ ಮೈಲಿ, ಬರುವಾಗ ಕೊಂಚ ನಿಧಾನ.

ಹೊರಗಿನಿಂದ ಬಂದ ಯಾತ್ರಿಕರಿಗೆ ಈ ಕಷ್ಟವಿಲ್ಲ. ವರ್ಷಕ್ಕೆ ಲಕ್ಷಗಟ್ಟಲೆ ಜನ ಡಿಸ್ಟಿಲರಿ ನೋಡಲು ಬರುತ್ತಾರೆ. ಅಷ್ಟು ದೂರದಿಂದ ಬಂದವರನ್ನು ಒಣ ಗಂಟಲಲ್ಲಿ ಕಳಿಸಿದರೆ ಅತಿಥಿ ಸತ್ಕಾರ ಏನಾದೀತು? ಅದಕ್ಕೇ 1990ರ ದಶಕದಲ್ಲಿ ರಾಜ್ಯದ ಕಾನೂನಿಗೆ ಒಂದು ಸಣ್ಣ ಕಿಟಕಿ ಕೊರೆದರು. ಡಿಸ್ಟಿಲರಿಯ ಆವರಣದಲ್ಲಿ ಸ್ಮರಣಿಕೆಯ ಬಾಟಲಿ ಮಾರಬಹುದು. ನೀವು ಕೊಳ್ಳುವುದು ಗಾಜಿನ ಬಾಟಲಿ, ಅದರ ಮೇಲಿನ ಚಿತ್ತಾರ, ನೆನಪಿನ ಕಾಣಿಕೆ. ಒಳಗೆ ವಿಸ್ಕಿ ಇದ್ದರೆ ಅದು ಅದರ ಹಣೆಬರಹ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ನಗದು ಪೆಟ್ಟಿಗೆ ಮಾತ್ರ ತುಂಬಿತು. ಆಮೇಲೆ ಇನ್ನೊಂದು ಕಿಟಕಿ: ದುಡ್ಡು ಕೊಟ್ಟು ಟೂರ್ ಮಾಡಿದವರಿಗೆ ರುಚಿ ನೋಡಲು ಚೂರು ಚೂರು ಕೊಡಬಹುದು. ಉದ್ಧರಣೆಯಲ್ಲಿ ಹಾಕುವ ತೀರ್ಥದಷ್ಟು, ಆದರೆ ಬೇರೆ ಬೇರೆ ಲೋಟಗಳಲ್ಲಿ.

ಅಲ್ಲಿಂದ ದಕ್ಷಿಣಕ್ಕೆ ಸುಮಾರು ಒಂದು ತಾಸಿನ ದಾರಿಯಲ್ಲಿ ಅಲಬಾಮದ ಹಂಟ್ಸ್‌ವಿಲ್ ಇದೆ. ನಾಸಾದ ರಾಕೆಟ್ ಕೇಂದ್ರವಿರುವ ಆ ಊರಿನಲ್ಲಿ ನಮ್ಮ ಕಡೆಯ ಎಂಜಿನಿಯರುಗಳಿದ್ದಾರೆ. ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದರೆ ಮೊದಲ ಶನಿವಾರ ರಾಕೆಟ್ ತೋರಿಸುತ್ತಾರೆ. ಎರಡನೆಯ ಶನಿವಾರ ತೋರಿಸಲು ಏನೂ ಇರುವುದಿಲ್ಲ, ಲಿಂಚ್‌ಬರ್ಗಿಗೆ ಕರೆದೊಯ್ಯುತ್ತಾರೆ. ಹಾಗೆ ಬಂದ ಒಂದು ಮೈಸೂರಿನ ಸಂಸಾರದ ಜೊತೆಯಲ್ಲಿ ನಾನೂ ಟೂರ್ ಮಾಡಿದೆ. ಮಾವನವರು ಅಬಕಾರಿ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ನಿವೃತ್ತರಾದವರು. ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ, ಆದರೆ ಮೂಗಿನಲ್ಲೇ ಸರಕಿನ ಜಾತಕ ಹೇಳುವವರು.

ಟೂರಿನಲ್ಲಿ ಒಂದು ಘಟ್ಟವಿದೆ. ಭಟ್ಟಿಯಿಂದ ಇಳಿದ ಬಿಳಿ ವಿಸ್ಕಿಯನ್ನು ಹತ್ತು ಅಡಿ ಆಳದ ಮೇಪಲ್ ಇದ್ದಲಿನ ಮೂಲಕ ತೊಟ್ಟು ತೊಟ್ಟಾಗಿ ಇಳಿಸುವ ದೊಡ್ಡ ತೊಟ್ಟಿಗಳ ಕೋಣೆ. ಮಾರ್ಗದರ್ಶಿ ಒಂದು ತೊಟ್ಟಿಯ ಮುಚ್ಚಳವನ್ನು ಅರ್ಧ ಎತ್ತಿ, ರಪ್ಪನೆ ಬೀಸಿ ಮುಚ್ಚುತ್ತಾನೆ. ಒಂದು ಸುಯ್ಲು ಗಾಳಿ ಎದ್ದು ಮುಖಕ್ಕೆ ಬಡಿಯುತ್ತದೆ. ಬಗ್ಗಿ ನಿಂತವರೆಲ್ಲ ಕಣ್ಣು ಮುಚ್ಚಿ ಆಘ್ರಾಣಿಸುತ್ತಾರೆ. ಒಹಾಯೊದಿಂದ ಬಂದ ಮೋಟಾರ್‌ಸೈಕಲ್ ಗುಂಪಿನವನೊಬ್ಬ ಇನ್ನೊಂದು ಸಲ ಎಂದು ಗೋಗರೆದ. ನಮ್ಮ ಮಾವನವರು ಮೂಗು ಹಿಂದೆ ತೆಗೆದು, ಕರವಸ್ತ್ರದಲ್ಲಿ ಒರೆಸಿಕೊಂಡು ಅಳಿಯನ ಕಡೆ ತಿರುಗಿದರು.

“ಇಲ್ಲಿ ಮಾರೋ ಹಾಗಿಲ್ಲ ಅಂತೀರಿ. ಮತ್ತೆ ಆಚೆ ಅಂಗಡೀಲಿ ಬಾಟಲಿ ಜೋಡ್ಸಿದಾರಲ್ಲ, ಅದೇನು?”

“ಅದು ಸ್ಮರಣಿಕೆ, ಮಾವ. ಕಾನೂನಲ್ಲಿ ಹಂಗಂತ ಬರ್ದಿದೆ.”

ಮಾವನವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದಾಗ ಸೇವೆಯಲ್ಲಿದ್ದವರು ಅವರು. ಸುತ್ತೋಲೆಗಳನ್ನು ಓದಿ ಓದಿ ಸವೆದವರು. ಕೊನೆಗೆ, “ಈ ಆರ್ಡರ್ ಡ್ರಾಫ್ಟ್ ಮಾಡ್ದೋನ್ಗೆ ಕೈ ಮುಗೀಬೇಕು ಕಣಪ್ಪ,” ಅಂದರು. ವೃತ್ತಿಯಲ್ಲಿ ಹಿರಿಯರೊಬ್ಬರು ಇನ್ನೊಬ್ಬರಿಗೆ ಸಲ್ಲಿಸಿದ ಗೌರವ ಅದು, ಅದರಲ್ಲಿ ತಮಾಷೆ ಇರಲಿಲ್ಲ. ಹೊರಡುವಾಗ ಅತ್ತೆಯವರು ಆ ಬಾಟಲಿಯ ಆಕಾರದ ಮೇಣದಬತ್ತಿ ಕೊಂಡರು. ಬಂದವರು ಉಂಡೂ ಹೋದರು, ಕೊಂಡೂ ಹೋದರು.

ಪೇಟೆಯ ಚೌಕದಲ್ಲಿ ಕೆಂಪು ಇಟ್ಟಿಗೆಯ ನ್ಯಾಯಾಲಯ, ಅದರ ಸುತ್ತ ಅಂಗಡಿ ಸಾಲು. ಹಾರ್ಡ್‌ವೇರ್ ಅಂಡ್ ಜನರಲ್ ಸ್ಟೋರ್ ಎಂದು ಬರೆದ ಅಂಗಡಿಯೊಳಗೆ ಒಂದು ಹಿಡಿ ಮೊಳೆ ಕೇಳಿ ನೋಡಿ. ಸಿಗುವುದು ಟೀ ಶರ್ಟು, ಟೋಪಿ, ಲೋಟ, ಕೀಲಿಗೊಂಚಲು. ಎಲ್ಲದರ ಮೇಲೂ ವಿಸ್ಕಿಯ ಲೇಬಲ್ಲಿನ ‘ಓಲ್ಡ್ ನಂಬರ್ 7’. ಊರಿನವನ ಮನೆಯ ಬಾಗಿಲಿನ ತಿರುಗಣಿ ಕಿತ್ತರೆ ಅವನು ಬೇರೆ ಊರಿಗೆ ಹೋಗಬೇಕು. ಮಿಸ್ ಮೇರಿ ಬೋಬೊ ಎಂಬಾಕೆ 1908ರಲ್ಲಿ ಶುರು ಮಾಡಿದ ಊಟದ ಮನೆಯೂ ಇದೆ. ಆಕೆ 1983ರಲ್ಲಿ, ನೂರೆರಡಕ್ಕೆ ಒಂದಿಷ್ಟೇ ಕಡಿಮೆ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಕಾಲಕ್ಕೆ ಊರಿನ ಒಂಟಿ ಮಾಸ್ತರರು, ಗುಮಾಸ್ತರು ಬಾಡಿಗೆಗಿದ್ದು ಉಣ್ಣುತ್ತಿದ್ದ ಜಾಗ ಈಗ ಕಂಪನಿಯ ಕೈಯಲ್ಲಿದೆ. ಮೊದಲೇ ಕಾಯ್ದಿರಿಸಿ ಹೋದರೆ ಅಪರಿಚಿತರ ಜೊತೆ ಒಂದೇ ಮೇಜಿನಲ್ಲಿ ಕೂರಿಸಿ, ಕರಿದ ಕೋಳಿ, ಬೆಂಡೆಕಾಯಿ, ವಿಸ್ಕಿ ಹಾಕಿ ಬೇಯಿಸಿದ ಸೇಬು ಬಡಿಸುತ್ತಾರೆ. ಮೇಜಿನ ತಲೆಯಲ್ಲಿ ಕೂತ ಆತಿಥ್ಯದ ಹೆಂಗಸು ಊರಿನ ಹಳೆಯ ಕತೆ ಹೇಳುತ್ತಾಳೆ. ಹರಟೆ ಹೊಡೆಯುವುದಕ್ಕೂ ಸಂಬಳ ಬರುವ ಊರು.

ಇರಲಿ. ಕ್ಯಾಮರಾ ಇಲ್ಲದ ಹೊತ್ತಿನಲ್ಲಿ ಕೌಂಟಿಯವರು ಮಾಡುವುದೇನು?

ಶುಕ್ರವಾರ ರಾತ್ರಿ ಹೈಸ್ಕೂಲ್ ಫುಟ್‌ಬಾಲ್. ಇದನ್ನು ಮನರಂಜನೆ ಎಂದರೆ ಯಾರಾದರೂ ಹೊಡೆದಾರು. ಹದಿನಾರು ವರ್ಷದ ಹುಡುಗ ಚೆಂಡು ಕೈಬಿಟ್ಟರೆ ಆ ಸುದ್ದಿ ಭಾನುವಾರದ ಪ್ರಾರ್ಥನೆಯವರೆಗೂ ಬಾಳುತ್ತದೆ, ಸೋಮವಾರ ಕ್ಷೌರದಂಗಡಿಯಲ್ಲಿ ಅದರ ಮರಣೋತ್ತರ ಪರೀಕ್ಷೆ. ಬುಧವಾರ ಸಂಜೆ ಬೈಬಲ್ ಓದು, ಭಾನುವಾರ ಎರಡು ಹೊತ್ತು ಚರ್ಚು. ಈ ಸೀಮೆಯಲ್ಲಿ ಬೇರೂರಿದ ಚರ್ಚ್ ಆಫ್ ಕ್ರೈಸ್ಟ್ ಪಂಥದವರು ಪ್ರಾರ್ಥನೆಯಲ್ಲಿ ವಾದ್ಯ ನುಡಿಸುವುದಿಲ್ಲ, ಬರಿಗಂಟಲಲ್ಲಿ ಹಾಡುತ್ತಾರೆ. ನಾಲ್ಕು ದನಿಗಳು ಹೆಣೆದುಕೊಳ್ಳುವ ಆ ಹಾಡಿಕೆ ನಿಜಕ್ಕೂ ಚೆಂದ. ಇಡೀ ಕೌಂಟಿಯಲ್ಲಿ ಟಿಕೆಟ್ಟಿಲ್ಲದೆ, ಟೀ ಶರ್ಟಿಲ್ಲದೆ ಸಿಗುವ ಕಲೆ ಬಹುಶಃ ಇದೊಂದೇ. ಪ್ರವಾಸಿಗಳು ಅತ್ತ ಹಾಯುವುದಿಲ್ಲ.

ಚಳಿಗಾಲಕ್ಕೆ ಜಿಂಕೆ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಬಂದೂಕಿನ ಋತು ಶುರು. ಬೇಟೆಗಾರ ತಲೆ ಮತ್ತು ಎದೆಯ ಮೇಲೆ ಒಟ್ಟು 500 ಚದರ ಅಂಗುಲದಷ್ಟು ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ತೊಟ್ಟಿರಬೇಕು ಎಂಬುದು ರಾಜ್ಯದ ನಿಯಮ. ಜಿಂಕೆಗೆ ಆ ಬಣ್ಣ ಗೊತ್ತಾಗುವುದಿಲ್ಲ, ಪಕ್ಕದ ಮರದ ಹಿಂದಿರುವ ಭಾವಮೈದುನನಿಗೆ ಗೊತ್ತಾಗಬೇಕು. ಸರ್ಕಾರ ನಾಗರಿಕರ ಬಿಡುವನ್ನು ಟೇಪು ಹಿಡಿದು ಅಳೆದ ಉದಾಹರಣೆ ನನಗೆ ತಿಳಿದಂತೆ ಇದೊಂದೇ.

ಮೀನು ಹಿಡಿಯುವುದಕ್ಕೆ ಟಿಮ್ಸ್ ಫೋರ್ಡ್ ಕೆರೆಯಿದೆ. ಕೆರೆ ಅಂತ ಕರೆಯುತ್ತಾರೆ, ನಿಜಕ್ಕೂ ಎಲ್ಕ್ ನದಿಗೆ ಟೆನೆಸಿ ಕಣಿವೆ ಪ್ರಾಧಿಕಾರ 1970ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನ ಹಿನ್ನೀರು. 10,000 ಎಕರೆಗೂ ಮಿಕ್ಕಿದ ನೀರು. ನೀರಿನಡಿ ಹೊಲಗಳು, ಅಂಗಳಗಳು. ಮುಳುಗಡೆ ಎಂಬ ಪದ ಕೇಳಿ ಬೆಳೆದ ನಮಗೆ ಉಳಿದದ್ದು ಬಿಡಿಸಿ ಹೇಳಬೇಕಾಗಿಲ್ಲ. ತಾತ ಜೋಳ ಬೆಳೆದ ಜಾಗದ ಮೇಲೆ ಮೊಮ್ಮಗ ಪರವಾನಗಿ ಕೊಂಡು ಬಾಸ್ ಮೀನು ಹಿಡಿಯುತ್ತಾನೆ. ಸಿಕ್ಕ ಮೀನನ್ನು ಅಳೆದು, ಫೋಟೋ ತೆಗೆದು, ಅದೇ ಹೊಲಕ್ಕೆ ವಾಪಸು ಬಿಡುತ್ತಾನೆ. ದಂಡೆಯಲ್ಲಿ ಪಟ್ಟಣದವರ ವಾರಾಂತ್ಯದ ಮನೆಗಳು, ಅವಕ್ಕೆ ಖಾಸಗಿ ದೋಣಿಕಟ್ಟೆಗಳು.

ಇವೆಲ್ಲ ಇಲ್ಲದ ಮಂಗಳವಾರ ಸಂಜೆ? ಆಗ ಡಾಲರ್ ಜನರಲ್. ಇದು ಇದೇ ರಾಜ್ಯದಲ್ಲಿ ಮುಖ್ಯ ಕಚೇರಿಯಿರುವ ಅಗ್ಗದ ಸಾಮಾನಿನ ಅಂಗಡಿ ಸರಣಿ. ದೇಶದ ತುಂಬ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಳಿಗೆ, ಹೆಚ್ಚಿನವು ಇಂಥ ಹಳ್ಳಿಗಾಡಿನ ತಿರುವುಗಳಲ್ಲಿ. ಒಳಗೆ ಟ್ಯೂಬ್‌ಲೈಟಿನ ಬೆಳಕು, ಗಲ್ಲಾದಲ್ಲಿ ಒಬ್ಬಳೇ ಹುಡುಗಿ, ಬಿಚ್ಚದ ರಟ್ಟಿನ ಪೆಟ್ಟಿಗೆಗಳಿಂದ ಅರ್ಧ ಮುಚ್ಚಿದ ದಾರಿ. ಹೆಂಗಸರು ಸೋಪಿನ ಪುಡಿ ಕೊಳ್ಳಲು ಬಂದು ಒಂದು ಗಂಟೆ ಇರುತ್ತಾರೆ. ಹುಡುಗರು ಹೊರಗೆ ಪಿಕಪ್ ಟ್ರಕ್ಕಿನ ಹಿಂಬಾಗಿಲು ಇಳಿಸಿ ಅದರ ಮೇಲೆ ಕೂತು ಕಾಲಾಡಿಸುತ್ತಾರೆ. ಕೌಂಟಿಯಲ್ಲಿ ನಿಜವಾಗಿ ಸುಮ್ಮನೆ ಕೂತಿರುವವರು ಇವರೇ, ಇವರ ಫೋಟೋ ಯಾವ ಕಂಪನಿಯೂ ತೆಗೆಯುವುದಿಲ್ಲ. ತೆಗೆದರೂ ಬಾಟಲಿ ಮಾರಾಟವಾಗಲಿಕ್ಕಿಲ್ಲ. ಮುದುಕ ಬೆಂಚಿನ ಮೇಲೆ ಕೂತರೆ ಪರಂಪರೆ, ಇಪ್ಪತ್ತರ ಹುಡುಗ ಟ್ರಕ್ಕಿನ ಮೇಲೆ ಕೂತರೆ ನಿರುದ್ಯೋಗ.

ಡಿಸ್ಟಿಲರಿಯಲ್ಲಿ ಕೆಲಸ ಸಿಕ್ಕವನದು ಬೇರೆ ದೆಸೆ. ಪ್ರತಿ ತಿಂಗಳ ಮೊದಲ ಶುಕ್ರವಾರ ಅವನಿಗೆ ಕಂಪನಿ ಒಂದು ಬಾಟಲಿ ಉಚಿತವಾಗಿ ಕೊಡುತ್ತದೆ. ಆ ದಿನಕ್ಕೆ ನೌಕರರು ಗುಡ್ ಫ್ರೈಡೇ ಎನ್ನುತ್ತಾರೆ. ಕ್ರೈಸ್ತ ಜಗತ್ತಿನ ಉಳಿದವರಿಗೆ ಗುಡ್ ಫ್ರೈಡೇ ವರ್ಷಕ್ಕೊಂದು, ಇವರಿಗೆ ಹನ್ನೆರಡು. ಪಾದ್ರಿಗಳು ಈ ಬಗ್ಗೆ ಪ್ರವಚನ ಮಾಡಿದಂತಿಲ್ಲ. ಪ್ರವಚನ ಕೇಳುವವರ ಸಾಲಿನಲ್ಲಿ ಡಿಸ್ಟಿಲರಿಯವರೇ ಹೆಚ್ಚಿರುತ್ತಾರೆ ಎಂಬುದು ಅವರಿಗೂ ಗೊತ್ತು.

ಇನ್ನು ಬೆಂಚಿನ ಮೇಲೆ ಕೂರುವ ಹಕ್ಕು ಮೊದಲಿಂದ ಯಾರಿಗಿತ್ತು ಎನ್ನುವುದು. ಹುಡುಗ ಜಾಕ್ ಡೇನಿಯಲ್ ಭಟ್ಟಿ ಇಳಿಸುವುದನ್ನು ಕಲಿತದ್ದು ಡ್ಯಾನ್ ಕಾಲ್ ಎಂಬ ಪಾದ್ರಿಯ ಹೊಲದಲ್ಲಿ. ಪಾದ್ರಿ ಭಟ್ಟಿ ಇಟ್ಟಿದ್ದ, ಯಾಂಡಲ್‌ನ ಸಿದ್ಧಾಂತದ ಎರಡೂ ಪಕ್ಷ ಒಬ್ಬನಲ್ಲೇ ಇದ್ದವು. ಕಲಿಸಿದವನು ಮಾತ್ರ ಪಾದ್ರಿಯಲ್ಲ, ಅಲ್ಲಿ ದುಡಿಯುತ್ತಿದ್ದ ಕರಿಯ ಗುಲಾಮ ನೇಥನ್ ‘ನಿಯರೆಸ್ಟ್’ ಗ್ರೀನ್. ಗುಲಾಮಗಿರಿ ಹೋದ ಮೇಲೆ ಜಾಕ್‌ನ ಡಿಸ್ಟಿಲರಿಗೆ ಆತನೇ ಮೊದಲ ಮುಖ್ಯ ಭಟ್ಟಿಗಾರನಾದ. ಅವನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಅಲ್ಲೇ ದುಡಿದರು. 1904ರ ಸುಮಾರಿನ ಒಂದು ಫೋಟೋದಲ್ಲಿ ಬಿಳಿ ಟೋಪಿಯ ಜಾಕ್‌ನ ಪಕ್ಕದಲ್ಲೇ ಒಬ್ಬ ಕರಿಯ ಕೂತಿದ್ದಾನೆ, ನಿಯರೆಸ್ಟನ ಮಗ ಜಾರ್ಜ್ ಇರಬೇಕೆಂದು ಬಲ್ಲವರ ಊಹೆ. ದಕ್ಷಿಣದಲ್ಲಿ ಆ ಕಾಲಕ್ಕೆ ಕರಿಯ ಬಿಳಿಯನ ಪಕ್ಕ ಕೂತ ಫೋಟೋ ಸಣ್ಣ ಸಂಗತಿಯಲ್ಲ. ಆ ಫೋಟೋ ಇತ್ತು. 1967ರಲ್ಲಿ ಬಂದ ಜಾಕ್‌ನ ಜೀವನಚರಿತ್ರೆಯಲ್ಲಿ ಗ್ರೀನ್ ಮನೆತನದ ಹೆಸರು ಮತ್ತೆ ಮತ್ತೆ ಬರುತ್ತದೆ. ಅಂದರೆ ಯಾರೂ ಬಚ್ಚಿಟ್ಟಿರಲಿಲ್ಲ. ಟೂರಿನಲ್ಲಿ ಹೇಳುತ್ತಿರಲಿಲ್ಲ, ಅಷ್ಟೆ. ದೇಶವೆಲ್ಲ ಓದುವ ಹಾಗೆ ನ್ಯೂಯಾರ್ಕ್ ಟೈಮ್ಸ್ ಅದನ್ನು ಬರೆದದ್ದು 2016ರಲ್ಲಿ.

ಕಾಲ ಬದಲಾಗಿದೆ. ಈಗ ಮಾರ್ಗದರ್ಶಿ ನಿಯರೆಸ್ಟನ ಹೆಸರು ಹೇಳುತ್ತಾನೆ. 2017ರಲ್ಲಿ ಅವನ ಹೆಸರಿನದೇ ಬೇರೊಂದು ವಿಸ್ಕಿ ಮಾರುಕಟ್ಟೆಗೆ ಬಂತು, ಪಕ್ಕದ ಶೆಲ್ಬಿವಿಲ್‌ನಲ್ಲಿ ಅದರದೇ ಪ್ರವಾಸಿ ತಾಣ, ಅದರದೇ ಟೀ ಶರ್ಟು. ದುಡಿದವನಿಗೆ ನೂರೈವತ್ತು ವರ್ಷ ತಡವಾಗಿ ಬೆಂಚಿನ ಮೇಲೆ ಜಾಗ ಸಿಕ್ಕಿತು. ಕೂರಲು ಅವನಿಲ್ಲ, ಟಿಕೆಟ್ ಕೊಂಡವರು ಕೂರುತ್ತಾರೆ.

ಅದೇ ಶೆಲ್ಬಿವಿಲ್‌ನಲ್ಲಿ 1939ರಿಂದ ನಡೆಯುವ ಟೆನೆಸಿ ವಾಕಿಂಗ್ ಹಾರ್ಸ್ ಉತ್ಸವವನ್ನೂ ಹೇಳಬೇಕು. ಕುದುರೆ ಮುಂಗಾಲನ್ನು ಅಸಾಧ್ಯ ಎತ್ತರಕ್ಕೆ ಎತ್ತಿಹಾಕಿ ನಡೆಯುವುದನ್ನು ನೋಡಲು ಜನ ಸೇರುತ್ತಾರೆ. ಅಷ್ಟು ಎತ್ತರಕ್ಕೆ ಎತ್ತಲಿ ಎಂದು ಕೆಲವರು ಅದರ ಕಾಲಿಗೆ ಚರ್ಮ ಸುಡುವ ಔಷಧ ಹಚ್ಚುತ್ತಿದ್ದರು. ನೆಲ ತಾಕಿದರೆ ಉರಿ, ಹಾಗಾಗಿ ಎತ್ತುತ್ತದೆ. ಇದನ್ನು ತಡೆಯಲು 1970ರಲ್ಲೇ ಕೇಂದ್ರ ಕಾನೂನು ಬಂತು, ಜಗಳ ಇನ್ನೂ ಮುಗಿದಿಲ್ಲ. ಇನ್ನೊಂದು ಪಕ್ಕದ ಕಾಫಿ ಕೌಂಟಿಯಲ್ಲಿ 2002ರಿಂದ ಬೊನಾರೂ ಸಂಗೀತ ಜಾತ್ರೆ: 700 ಎಕರೆ ಹೊಲದಲ್ಲಿ ಜೂನ್ ತಿಂಗಳ ಸೆಕೆಗೆ ಪಟ್ಟಣದ ಮಕ್ಕಳು ಡೇರೆ ಹಾಕಿ, ಸ್ನಾನಕ್ಕೆ ಸರದಿ ನಿಂತು, ಹಳ್ಳಿಯ ಬದುಕು ಎಷ್ಟು ಸೊಗಸು ಎಂದು ಕಂಡುಕೊಳ್ಳುತ್ತಾರೆ. 2025ರಲ್ಲಿ ಮಳೆ ಬಂದು ಹೊಲ ಹೊಲದಂತೆ ಕೆಸರಾದಾಗ ಜಾತ್ರೆಯನ್ನು ನಡುವೆಯೇ ನಿಲ್ಲಿಸಬೇಕಾಯಿತು. ಮೂರ್ ಕೌಂಟಿಯಲ್ಲೂ 1989ರಿಂದ ಅಕ್ಟೋಬರಿನಲ್ಲಿ ಡಿಸ್ಟಿಲರಿಯ ಹೆಸರಿನ ವಿಶ್ವ ಬಾರ್ಬೆಕ್ಯೂ ಪಂದ್ಯ. ಆಹ್ವಾನ ಬಂದ ತಂಡಗಳು ಹಂದಿಮಾಂಸ ಸುಡುತ್ತವೆ, ಹೊಗೆ ಸ್ಥಳೀಯರಿಗೆ ಸಮಾನವಾಗಿ ಹಂಚಿಕೆಯಾಗುತ್ತದೆ.

ಹೊಗೆಯಿಂದ ಇನ್ನೊಂದು ಹಂಚಿಕೆ ನೆನಪಾಯಿತು. ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟ ವಿಸ್ಕಿ ಮರದ ಸಂದಿನಿಂದ ಆವಿಯಾಗಿ ಕಡಿಮೆಯಾಗುತ್ತ ಬರುತ್ತದೆ. ಕಸುಬಿನವರು ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಒಣ ಕೌಂಟಿಯಲ್ಲಿ ಪರವಾನಗಿ ಇಲ್ಲದೆ, ಟೂರ್ ಟಿಕೆಟ್ ಇಲ್ಲದೆ, ಹಗಲೂ ರಾತ್ರಿ ಕುಡಿಯುವವರು ಈ ದೇವತೆಗಳು. ಕುಡಿದ ಮೇಲೆ ಗಲಾಟೆ ಆಗಲೇಬೇಕಲ್ಲ: ಆ ಆವಿಯನ್ನುಂಡು ಬದುಕುವ ಬೌಡೊಯಿನಿಯಾ ಎಂಬ ಕಪ್ಪು ಬೂಷ್ಟು ಉಗ್ರಾಣಗಳ ಸುತ್ತಲಿನ ಮರ, ಬೇಲಿ, ಛಾವಣಿ, ಕಾರು, ರಸ್ತೆಯ ಬೋರ್ಡು ಎಲ್ಲದರ ಮೇಲೂ ಮಸಿ ಬಳಿದಂತೆ ಹತ್ತುತ್ತದೆ. ನೆರೆಯ ಲಿಂಕನ್ ಕೌಂಟಿಗೂ ಕಂಪನಿಯ ಉಗ್ರಾಣಗಳು ಹಬ್ಬಿದವು. ಅಲ್ಲೊಂದು ಮದುವೆ-ಸಮಾರಂಭಕ್ಕೆ ಬಾಡಿಗೆ ಕೊಡುವ ಬಂಗಲೆ. ಬಿಳಿ ಗೌನಿನ ಮದುಮಗಳು ಕಪ್ಪು ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳಲು ಒಪ್ಪಿಯಾಳೆ? ಜಗಳ ಕೋರ್ಟಿಗೆ ಹೋಗಿ, 2023ರಲ್ಲಿ ಹೊಸ ಉಗ್ರಾಣವೊಂದರ ಕೆಲಸಕ್ಕೆ ನ್ಯಾಯಾಧೀಶರು ತಡೆ ಕೊಟ್ಟರು.

ದೇವತೆಗಳಿಗೆ ಪಾಲಿದೆ, ಬೂಷ್ಟಿಗೆ ಪಾಲಿದೆ, ನಮಗೂ ಚೂರು ಪಾಲಿರಲಿ ಎಂದು ಕೌಂಟಿಯ ಕೆಲವರು 2011ರಲ್ಲಿ ಕೇಳಿದ್ದರು. ತುಂಬಿದ ಪ್ರತಿ ಪೀಪಾಯಿಗೆ 10 ಡಾಲರ್ ಸ್ಥಳೀಯ ತೆರಿಗೆ ಹಾಕೋಣ, ಬೇಕೋ ಬೇಡವೋ ಎಂದು ಜನರೇ ಮತ ಹಾಕಲಿ ಎಂಬ ಸೂಚನೆ. ಕೌಂಟಿಯ ಸಭೆ ಅದನ್ನು ಕೈಬಿಟ್ಟಿತು. ಒಂದೇ ಮರಕ್ಕೆ ನೇತಾಡುವವರು ಕೊಂಬೆ ಅಲ್ಲಾಡಿಸುವುದಿಲ್ಲ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಹಾಗಾಗಿ ಉಗ್ರಾಣಗಳ ಸುತ್ತಮುತ್ತ ಇರುವವರಿಗೆ ಒಂದು ಹೊಸ ಬಿಡುವಿನ ಹವ್ಯಾಸ ಸಿಕ್ಕಿದೆ, ಪ್ರವಾಸಿ ಕರಪತ್ರದವರು ಇನ್ನೂ ಗಮನಿಸಿಲ್ಲ. ಶನಿವಾರ ಬೆಳಗ್ಗೆ ಗಂಡ ಏಣಿ ಹಾಕುತ್ತಾನೆ, ಹೆಂಡತಿ ನೀರಿನ ಪೈಪು ಹಿಡಿಯುತ್ತಾಳೆ, ಪಂಪು ಚಾಲೂ ಮಾಡಿ ರಭಸವಾಗಿ ನೀರು ಹಾಯಿಸಿ ಗೋಡೆ ತೊಳೆಯುತ್ತಾರೆ. ಮೊದಲು ಗೋಡೆ, ಆಮೇಲೆ ಛಾವಣಿಯ ಅಂಚು, ಆಮೇಲೆ ಮಕ್ಕಳ ಉಯ್ಯಾಲೆ, ಕೊನೆಗೆ ಜಗಲಿಯ ಬೆಂಚು. ಒಂದಷ್ಟು ತಿಂಗಳಿಗೆ ಮತ್ತೆ ಕಪ್ಪಾಗುತ್ತದೆ, ಮತ್ತೆ ತೊಳೆಯಬಹುದು. ಎಲ್ಲ ವಯಸ್ಸಿನವರಿಗೂ ಸೂಕ್ತ, ವರ್ಷವಿಡೀ ಲಭ್ಯ. ಪ್ರವೇಶ ಉಚಿತ, ಪಂಪು, ನೀರು, ಬ್ಲೀಚು ನೀವೇ ತರಬೇಕು.